ಒಂದೇ ಕೇಬಲ್‌ನಲ್ಲಿ ನಾಲ್ಕು ನೆಟ್‌ವರ್ಕ್: ಸರ್ವರ್‌ಗೂ ಸ್ವಿಚ್‌ಗೂ ವಿಲ್ಯಾನ್ ಹೊಂದಿಸುವುದು

ಹಾಸನದಲ್ಲಿ ಕೂತು ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅಲ್ಲಿರುವುದು ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್) ಹಾಕಿದ ಒಂದು ಸರ್ವರ್. ಒಳಗೆ ಲೆಕ್ಕಪತ್ರಕ್ಕೆ, ಕ್ಯಾಮೆರಾ ರೆಕಾರ್ಡಿಂಗ್‌ಗೆ, ಲಾರಿ ತೂಗುವ ವೇಬ್ರಿಡ್ಜ್‌ಗೆ ಬೇರೆ ಬೇರೆ ವರ್ಚುವಲ್ ಮಷೀನ್. ಹೊರಗಿನ ಸಿಸ್ಕೋ ಸ್ವಿಚ್‌ಗೆ ಹೋಗುವ ಕೇಬಲ್ ಮಾತ್ರ ಒಂದೇ. ಒಂದೇ ಕೇಬಲ್‌ನಲ್ಲಿ ಹೋಗುವ ನೆಟ್‌ವರ್ಕ್‌ಗಳನ್ನು ಬೇರೆ ಬೇರೆಯಾಗಿ ಇಡುವುದೇ ವಿಲ್ಯಾನ್, ಯಾವ ಪ್ಯಾಕೆಟ್ ಯಾವ ವಿಲ್ಯಾನ್‌ನದು ಎಂದು ಹೇಳುವ ನಂಬರೇ ಟ್ಯಾಗ್. ಇಂಥ ಕಡೆ ಟ್ಯಾಗ್ ಎಲ್ಲಿ ಬೀಳಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು.

ಒಂದು ಹಾಳೆ ತಗೊಳ್ಳಿ. ಲೆಕ್ಕಪತ್ರ 10, ಕ್ಯಾಮೆರಾ 20, ವೇಬ್ರಿಡ್ಜ್ 30, ಸರ್ವರ್‌ನ ಮ್ಯಾನೇಜ್‌ಮೆಂಟ್ 99 ಅಂತ ವಿಲ್ಯಾನ್ ನಂಬರ್ ಬರೆದುಕೊಳ್ಳಿ. ವಿಲ್ಯಾನ್ ಟ್ಯಾಗ್‌ನ ಸ್ಟ್ಯಾಂಡರ್ಡ್ ಆದ 802.1ಕ್ಯೂನಲ್ಲಿ 4094ರ ತನಕ ಜಾಗವಿದೆ. 1 ಡೀಫಾಲ್ಟ್, ಅದರ ಸಹವಾಸ ಬೇಡ.

ಈಗ ಸ್ವಿಚ್. ನಾಲ್ಕೂ ವಿಲ್ಯಾನ್ ಮಾಡಿಕೊಂಡು, ಸರ್ವರ್ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವ ಪೋರ್ಟ್) ಮಾಡಿ. ನೇಟಿವ್ ವಿಲ್ಯಾನ್ 99 ಕೊಡಿ. ಅಂದರೆ ಟ್ಯಾಗ್ ಇಲ್ಲದೆ ಬಂದದ್ದೆಲ್ಲ 99ಕ್ಕೆ ಸೇರುತ್ತದೆ. ಟ್ರಂಕ್ ದಾಟಲು ಬಿಡುವ ವಿಲ್ಯಾನ್‌ಗಳ ಅಲೌಡ್ ಪಟ್ಟಿಯಲ್ಲಿ 10, 20, 30ರ ಜೊತೆ 99 ಕೂಡ ಇರಬೇಕು. ಮುಂದೆ 40 ಸೇರಿಸುವಾಗ ‘ಅಲೌಡ್ ವಿಲ್ಯಾನ್ ಆ್ಯಡ್ 40’ ಎಂದೇ ಕೊಡಿ. ‘ಆ್ಯಡ್’ ಬಿಟ್ಟರೆ ಹಳೆಯ ಪಟ್ಟಿ ಅಳಿಸಿಹೋಗಿ 40 ಒಂದೇ ಉಳಿಯುತ್ತದೆ. ಜನವರಿಯಲ್ಲಿ ಕಾಫಿ ಮೂಟೆಯ ಲಾರಿಗಳು ಸಾಲುಗಟ್ಟಿದಾಗ ವೇಬ್ರಿಡ್ಜ್ ಸತ್ತರೆ ರೈಟರ್ (ಗುಮಾಸ್ತರು) ಸುಮ್ನೆ ಬಿಡ್ತಾರಾ? ಕ್ಯಾಮೆರಾ, ಕಂಪ್ಯೂಟರ್‌ಗಳ ಪೋರ್ಟ್‌ಗಳನ್ನು ಆಯಾ ನಂಬರಿನ ಆ್ಯಕ್ಸೆಸ್ ಪೋರ್ಟ್ (ಒಂದೇ ವಿಲ್ಯಾನ್‌ನ ಪೋರ್ಟ್) ಮಾಡಿದರೆ ಸಾಕು.

ಸರ್ವರ್ ಕಡೆ ಕೆಲಸ ಕಡಿಮೆ. ಪ್ರಾಕ್ಸ್‌ಮಾಕ್ಸ್‌ನ ಬ್ರಿಡ್ಜ್‌ನಲ್ಲಿ (ವರ್ಚುವಲ್ ಮಷೀನ್‌ಗಳನ್ನು ಕೇಬಲ್‌ಗೆ ಜೋಡಿಸುವ ಒಳಗಿನ ಸ್ವಿಚ್) ‘ವಿಲ್ಯಾನ್ ಅವೇರ್’ ಟಿಕ್ ಮಾಡಿ. ಕ್ಯಾಮೆರಾ ವರ್ಚುವಲ್ ಮಷೀನ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಟ್ಯಾಗ್ 20 ಎಂದು ಹಾಕಿ. ಮಷೀನ್ ಒಳಗಿನ ಲಿನಕ್ಸ್‌ನಲ್ಲಿ ಮತ್ತೆ ಟ್ಯಾಗ್ ಹಾಕಬೇಡಿ. ಅಲ್ಲೂ 20 ಹಾಕಿದರೆ ಪ್ಯಾಕೆಟ್ ಹೊರಗೇನೋ ಹೋಗುತ್ತದೆ. ಆದರೆ ಉತ್ತರ ಬರುವಾಗ ಬ್ರಿಡ್ಜ್ ಟ್ಯಾಗ್ ಕಿತ್ತು ಕೊಡುತ್ತದೆ, ಒಳಗಿನ ವಿಲ್ಯಾನ್ ಇಂಟರ್‌ಫೇಸ್ ಅದನ್ನು ತನ್ನದಲ್ಲ ಎಂದು ಬಿಟ್ಟುಬಿಡುತ್ತದೆ. ಪಿಂಗ್ ಬರಲ್ಲ, ಕೇಬಲ್ ಬೈಸಿಕೊಳ್ಳುತ್ತದೆ!

ಅನುಮಾನ ಬಂದರೆ ಸರ್ವರ್‌ನ ಅಸಲಿ ನೆಟ್‌ವರ್ಕ್ ಕಾರ್ಡ್ ಮೇಲೆ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ ಕಮಾಂಡನ್ನು ‘ಮೈನಸ್ ಇ’ ಸೇರಿಸಿ ಓಡಿಸಿ. ಹೊರಗೆ ಹೋಗುವ ಎಆರ್‌ಪಿ (ಈ ಐಪಿ ಯಾರದು ಎಂದು ಕೇಳುವ ಪ್ಯಾಕೆಟ್) ಸಾಲಿನಲ್ಲಿ ‘ವಿಲ್ಯಾನ್ 20’ ಕಾಣದಿದ್ದರೆ ತಪ್ಪು ಸರ್ವರ್‌ನಲ್ಲಿದೆ. ಅದು ಕಂಡೂ ಉತ್ತರ ಬರದಿದ್ದರೆ ಸ್ವಿಚ್‌ನ ಅಲೌಡ್ ಪಟ್ಟಿ ನೋಡಿ. 10ರಲ್ಲಿರುವ ಕಂಪ್ಯೂಟರ್ 30ಕ್ಕೆ ತಲುಪದಿದ್ದರೆ ಅದು ತಪ್ಪಲ್ಲ. ಆ ದಾರಿಯನ್ನು ರೂಟರ್‌ನಲ್ಲಿ ಮಾಡಬೇಕು.

ದೂರದಿಂದ ಟ್ರಂಕ್ ಮುಟ್ಟುವ ಮುಂಚೆ ಸ್ವಿಚ್‌ನ ಈಗಿನ ಕಾನ್ಫಿಗ್ ಸೇವ್ ಮಾಡಿ, ‘ರೀಲೋಡ್ ಇನ್ 10’ ಕೊಡಿ. ನೀವೇ ಹೊರಗೆ ಸಿಕ್ಕಿಬಿದ್ದರೂ 10 ನಿಮಿಷಕ್ಕೆ ಸ್ವಿಚ್ ರೀಸ್ಟಾರ್ಟ್ ಆಗಿ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಬೇಲೂರು ದಾಟಿ ಓಡುವ ಪಾಡು ತಪ್ಪುತ್ತದೆ. ಎಲ್ಲ ಸರಿ ಬಂದರೆ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು, ಆಮೇಲೆ ‘ರೈಟ್ ಮೆಮೊರಿ’ ಕೊಟ್ಟು ಸೇವ್ ಮಾಡಿ. ಇದನ್ನು ನಾಳೆಗೆ ಇಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ಸೇವ್ ಆಗದ ಕಾನ್ಫಿಗ್ ಅದರ ಜೊತೆಗೇ ಹೋಗುತ್ತದೆ.