20ಕ್ಕೆ 20 ಕೊಡುವುದನ್ನು ಬಿಟ್ಟೆ

ಮೊದಲು ಆರು ವರ್ಷ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ. ಈಗ ಪೀಣ್ಯದ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿದ್ದೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ 80 ಲಿಖಿತ ಪರೀಕ್ಷೆಗೆ, 20 ಶಾಲೆಯೇ ಕೊಡುವ ಆಂತರಿಕ ಅಂಕ, ಅಂದರೆ ಇಂಟರ್ನಲ್ಸ್. ಅದರ ಕಥೆ ಎರಡೂ ಕಡೆ ಒಂದೇ. ಅಲ್ಲಿ, ‘ಅಷ್ಟು ಫೀಸ್ ಕಟ್ಟಿದ್ದಾರೆ, 20 ಹಾಕಿಬಿಡಿ’ ಅನ್ನುತ್ತಿದ್ದರು. ಇಲ್ಲಿ, ‘ಪಾಪ, ಇಲ್ಲದವರ ಮಕ್ಕಳು, 20 ಹಾಕಿ ಮಿಸ್’ ಅನ್ನುತ್ತಾರೆ. ನಾನೂ ಹಾಕುತ್ತಿದ್ದೆ.

ಒಂದು ವರ್ಷ ಪ್ರಿಪರೇಟರಿಯಲ್ಲಿ ಒಬ್ಬ ಹುಡುಗಿಗೆ 80ಕ್ಕೆ 14 ಬಂತು. ಗಾರ್ಮೆಂಟ್ಸ್‌ಗೆ ಹೋಗುವ ಅವಳ ಅಮ್ಮ ಅರ್ಧ ದಿನ ರಜೆ ಹಾಕಿ ಬಂದರು. ‘ಇಂಟರ್ನಲ್ಸಲ್ಲಿ 19 ಇತ್ತಲ್ವಾ ಮಿಸ್, ಚೆನ್ನಾಗಿ ಓದ್ತಾಳೆ ಅಂದ್ಕೊಂಡಿದ್ದೆ’ ಅಂದರು. ನನಗೆ ಮಾತೇ ಹೊರಡಲಿಲ್ಲ. ಆ 19 ನಾನೇ ಸುಮ್ನೆ ಬರೆದದ್ದು. ಆಗಿನ ನಿಯಮದಲ್ಲಿ ಲಿಖಿತ ಪರೀಕ್ಷೆಯಲ್ಲಿ 28 ಬಾರದಿದ್ದರೆ ಇಂಟರ್ನಲ್ಸ್ ಎಷ್ಟಿದ್ದರೂ ಪಾಸಾಗುತ್ತಿರಲಿಲ್ಲ ಅನ್ನುವುದು ಆ ತಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮುಂದಿನ ಜೂನ್‌ನಿಂದ ರೀತಿ ಬದಲಿಸಿದೆ. ಇಂಟರ್ನಲ್ಸ್‌ಗೆ ಲೆಕ್ಕವಾಗುವ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಕಿರುಪರೀಕ್ಷೆಯ ಹಾಳೆಯಲ್ಲಿ ಹೆಸರಿನ ಮೂಲೆ ಮಡಚಿ ತಿದ್ದುತ್ತೇನೆ. ಹಾಳೆ ಮನೆಗೆ ಹೋಗಿ ಸಹಿಯಾಗಿ ಬರಬೇಕು. ಕಡಿಮೆ ಬಂದವರು ಅದೇ ಪಾಠಕ್ಕೆ ಬೇರೆ ಪ್ರಶ್ನೆ ತೆಗೆದುಕೊಂಡು ಮತ್ತೆ ಬರೆಯಬಹುದು. ಯಾವುದು ಜಾಸ್ತಿಯೋ ಅದೇ ಅವರ ಅಂಕ. ಸಮಾಂತರ ಶ್ರೇಢಿಯನ್ನು ಒಬ್ಬ ಹುಡುಗ ಮೂರು ಸಲ ಬರೆದ. ಮೂರನೇ ಸಲ ಸೂತ್ರ ಎಲ್ಲಿಂದ ಬಂತು ಅಂತ ಪಕ್ಕದವನಿಗೆ ಅವನೇ ಹೇಳಿಕೊಡುತ್ತಿದ್ದ!

ಚಟುವಟಿಕೆಗಳನ್ನು ಮನೆಗೆ ಕೊಡುವುದನ್ನು ನಿಲ್ಲಿಸಿದೆ. ಖಾಸಗಿ ಶಾಲೆಯಲ್ಲಿದ್ದಾಗ ಬಣ್ಣದ ಪ್ರಿಂಟ್‌ಔಟ್, ಥರ್ಮೋಕೋಲ್ ಮಾದರಿ ನೋಡಿ ಅಂಕ ಹಾಕಿದ್ದೇನೆ. ಅದರಲ್ಲಿ ಮಗುವಿನ ಗಣಿತ ಎಷ್ಟು, ಅಪ್ಪನ ದುಡ್ಡು ಎಷ್ಟು? ಈಗ ಮೈದಾನದಲ್ಲಿ ಕೋಲು ನೆಟ್ಟು, ನೆರಳು ಅಳೆದು, ತೆಂಗಿನ ಮರದ ಎತ್ತರ ಕಂಡುಹಿಡಿಯುತ್ತಾರೆ. ಟೇಪು, ಹಾಳೆ, ಪೆನ್ಸಿಲ್ ಸಾಕು.

‘ಪಕ್ಕದ ರಸ್ತೆಯ ಶಾಲೆಯವರು ಎಲ್ಲರಿಗೂ 20 ಹಾಕ್ತಾರೆ, ನಮ್ಮ ಮಕ್ಕಳಿಗೆ ನಷ್ಟ ಆಗಲ್ವಾ?’ ಅಂತ ಎಚ್‌ಎಂ ಕೇಳಿದರು. ಆಗುತ್ತೆ. ಪಿಯು ಸೀಟಿಗೆ ಮೂರು ಅಂಕವೂ ದೊಡ್ಡದೇ. ಅದಕ್ಕೇ ಮತ್ತೆ ಬರೆಯುವ ಬಾಗಿಲನ್ನು ಅಂಕ ಕಳಿಸುವ ಕೊನೇ ದಿನದವರೆಗೂ ತೆರೆದಿಡುತ್ತೇನೆ. ಶಾಲೆ ಬಿಟ್ಟ ಮೇಲೆ ದಿನಾ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕ್ಯಾಮೆರಾ ಬಗ್ಗೆ ಮಾತಾಡಿದರು. ನಾನು ನಮ್ಮ ಇಂಟರ್ನಲ್ಸ್ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ವಿಜ್ಞಾನದ ಮೇಷ್ಟ್ರು ಬಂದು, ‘ಆ ಮೂಲೆ ಮಡಚೋದು ಹೇಗೆ, ತೋರಿಸಿ’ ಅಂದರು.