ಬಣ್ಣ ಬಳಿಯದೆ ಜೇಬುಚಾಕುವಿಗೆ ಬಣ್ಣ

ಮಡಚುವ ಚಾಕುವಿನ ಹಿಡಿಗೆ ಸ್ಪ್ರೇ ಪೇಂಟ್ ಹೊಡೆದರೆ ಅದು ಬಹಳ ದಿನ ಬಾಳುವುದಿಲ್ಲ. ಬೀಗದ ಕೈ, ಚಿಲ್ಲರೆ ಕಾಸಿನ ಜತೆ ಜೇಬಿನಲ್ಲಿ ಉಜ್ಜಾಡಿ ಅಂಚುಗಳಿಂದಲೇ ಕಿತ್ತು ಬರುತ್ತದೆ. ಇಂಥ ವಸ್ತುವಿಗೆ ಬಣ್ಣ ಲೋಹದಲ್ಲೇ ಮೂಡಬೇಕು. ಹಿಡಿ ಟೈಟೇನಿಯಂನದ್ದಾಗಿದ್ದರೆ ಅಡುಗೆ ಸೋಡಾ, ನೀರು ಮತ್ತು ಕೆಲವು 9 ವೋಲ್ಟ್ ಬ್ಯಾಟರಿಗಳಿಂದ ಈ ಕೆಲಸ ಮನೆಯಲ್ಲೇ ಆಗುತ್ತದೆ. ಇದಕ್ಕೆ ಆನೊಡೈಸಿಂಗ್ ಎನ್ನುತ್ತಾರೆ.

ಮೊದಲು ನಿಮ್ಮ ಚಾಕು ಯಾವ ಲೋಹದ್ದು ಎಂದು ಖಚಿತ ಮಾಡಿಕೊಳ್ಳಿ. ಅಯಸ್ಕಾಂತ ಅಂಟಲಿಲ್ಲ ಎಂದ ಮಾತ್ರಕ್ಕೆ ಟೈಟೇನಿಯಂ ಆಗಬೇಕಿಲ್ಲ, ಅಲ್ಯೂಮಿನಿಯಂಗೂ ಅದು ಅಂಟದು. ಚಾಕುವಿನ ಜತೆ ಬಂದ ಚೀಟಿಯಲ್ಲೋ ತಯಾರಕರ ವಿವರದಲ್ಲೋ ನೋಡುವುದೇ ಸರಿ. ಅಲ್ಯೂಮಿನಿಯಂ ಹಿಡಿಗೆ ಬಣ್ಣ ಕಟ್ಟಲು ಸಾಮಾನ್ಯವಾಗಿ ಗಂಧಕಾಮ್ಲದ ತೊಟ್ಟಿ ಮತ್ತು ಬೇರೆಯಾಗಿ ಡೈ ಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಉಕ್ಕಿಗೆ ಬೆಂಕಿ ತೋರಿಸಿದರೂ ಬಣ್ಣ ಬರುತ್ತದೆ ನಿಜ. ಕಾರ್ಬನ್ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಒಣಹುಲ್ಲಿನ ಹಳದಿ, 300ರ ಆಸುಪಾಸಿನಲ್ಲಿ ನೀಲಿ. ಆದರೆ ನೀಲಿಯಾಗುವಷ್ಟು ಕಾದ ಅಲಗಿನ ಹದ ಹೋಗಿರುತ್ತದೆ, ಆಮೇಲೆ ಎಷ್ಟು ಮಸೆದರೂ ಮೊನಚು ನಿಲ್ಲದು. ದಯವಿಟ್ಟು ಅಲಗನ್ನು ಗ್ಯಾಸ್ ಒಲೆಗೆ ಹಿಡಿಯಬೇಡಿ. ಕಾರ್ಬನ್ ಉಕ್ಕಿನ ಅಲಗಿಗೆ ಬಣ್ಣ ಬೇಕೇ ಬೇಕು ಎಂದರೆ ಬೆಚ್ಚಗಿನ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಚೆಂದದ ಬೂದುಗಪ್ಪು ಬರುತ್ತದೆ, ಹದವೂ ಕೆಡುವುದಿಲ್ಲ.

ಟೈಟೇನಿಯಂನ ಮೈಮೇಲೆ ಆಕ್ಸೈಡಿನ (ಲೋಹವೂ ಆಮ್ಲಜನಕವೂ ಸೇರಿ ಆದದ್ದು) ತೆಳು ಪದರ ಸದಾ ಇರುತ್ತದೆ. ವಿದ್ಯುತ್ ಹರಿಸಿದರೆ ಅದು ದಪ್ಪವಾಗುತ್ತದೆ, ಒಂದು ವೋಲ್ಟಿಗೆ ಹೆಚ್ಚುಕಡಿಮೆ 2 ನ್ಯಾನೊಮೀಟರ್‌ನಂತೆ. ಪದರದ ಮೇಲ್ಮೈಯಿಂದ ಮತ್ತು ತಳದಿಂದ ಮರಳುವ ಬೆಳಕು ಒಂದಕ್ಕೊಂದು ಬೆರೆತು, ದಪ್ಪಕ್ಕೆ ತಕ್ಕ ಬಣ್ಣವಾಗಿ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಹರಡಿದ ಪೆಟ್ರೋಲು ಬಣ್ಣಬಣ್ಣವಾಗಿ ಕಾಣುವುದೂ ಹೀಗೆಯೇ. ಅಂದರೆ ಇಲ್ಲಿ ಬಣ್ಣ ಆರಿಸುವುದೆಂದರೆ ವೋಲ್ಟೇಜ್ ಆರಿಸುವುದು.

ಈಗ ಚಾಕು ಬಿಚ್ಚಿ. ಹೆಚ್ಚಿನವಕ್ಕೆ ಟಿ6, ಟಿ8 ಅಳತೆಯ ಟಾರ್ಕ್ಸ್ (ನಕ್ಷತ್ರದಾಕಾರದ ತುದಿಯ) ಸ್ಕ್ರೂಡ್ರೈವರ್ ಸಾಕು. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ವಾಷರ್‌ಗಳ ಕ್ರಮ ತಪ್ಪಿದರೆ ಮರುಜೋಡಣೆ ತಲೆನೋವು. ಬಿಚ್ಚಿದರೆ ವಾರಂಟಿ ಹೋಗುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಿ. ಉಕ್ಕಿನ ಸ್ಕ್ರೂ, ಬೇರಿಂಗ್, ಅಲಗು ಯಾವುದೂ ದ್ರಾವಣಕ್ಕೆ ಇಳಿಯಕೂಡದು. ಇಳಿದರೆ ಕರೆಂಟ್ ಅವುಗಳ ಮೂಲಕವೇ ಹರಿದು ಅವು ಹಾಳಾಗುತ್ತವೆ, ಹಿಡಿಗೆ ಬಣ್ಣವೂ ಏರುವುದಿಲ್ಲ.

ಫಲಿತಾಂಶವನ್ನು ತೀರ್ಮಾನಿಸುವುದು ಬ್ಯಾಟರಿಯಲ್ಲ, ತೊಳೆಯುವಿಕೆ. ಸಣ್ಣ ಗೆರೆಗಳ ಮಂದ ಹೊಳಪಿನ ಮೇಲ್ಮೈ ಬೇಕಾದರೆ ಮೊದಲು ಪಾತ್ರೆ ಉಜ್ಜುವ ಹಸಿರು ನಾರಿನಿಂದ ಒಂದೇ ದಿಕ್ಕಿಗೆ ಉಜ್ಜಿ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ಸ್ಕ್ರೂ ತೂತು, ಮೂಲೆಗಳನ್ನೆಲ್ಲ ತಿಕ್ಕಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಇಲ್ಲಿಂದ ಮುಂದೆ ಕೈಗವಸು ಇಲ್ಲದೆ ಮುಟ್ಟಬೇಡಿ. ಒಂದೇ ಒಂದು ಬೆರಳಚ್ಚಿನ ಜಿಡ್ಡು ಉಳಿದಿದ್ದರೂ ನೀಲಿಯ ನಡುವೆ ಆ ಬೆರಳಿನ ಗೆರೆಗಳು ಕಂದಾಗಿ ಎದ್ದು ಕಾಣುತ್ತವೆ. ತೊಳೆದಾದ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ.

ಗಾಜಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ (ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಆದೀತು) ಒಂದು ಟೀ ಚಮಚ ಅಡುಗೆ ಸೋಡಾ ಕರಗಿಸಿ. ಉಪ್ಪು ಮಾತ್ರ ಬೇಡ, ಅದರಿಂದ ಕ್ಲೋರಿನ್ ಅನಿಲ ಹೊರಡಬಹುದು. ಬ್ಯಾಟರಿಯ ಮೈನಸ್‌ಗೆ ಸ್ಟೀಲ್ ಚಮಚ ಕಟ್ಟಿ ನೀರಿಗೆ ಇಳಿಸಿ. ಪ್ಲಸ್‌ನಿಂದ ಬಂದ ತಂತಿಯ ಕ್ರೊಕೊಡೈಲ್ ಕ್ಲಿಪ್ಪಿಗೆ (ಹಲ್ಲುಗಳಿಂದ ಕಚ್ಚಿ ಹಿಡಿಯುವ ಲೋಹದ ಕ್ಲಿಪ್) ಹಿಡಿಯ ತುದಿ ಸಿಕ್ಕಿಸಿ. ಕ್ಲಿಪ್ಪು ನೀರಿಗೆ ತಾಗಬಾರದು, ಹಿಡಿಯೂ ಚಮಚವೂ ಒಂದಕ್ಕೊಂದು ತಾಗಬಾರದು. ಕ್ಲಿಪ್ಪು ಕಚ್ಚಿದ ಭಾಗಕ್ಕೆ ಆಮೇಲೆ ತಿರುಗಿಸಿ ಹಿಡಿದು ಬಣ್ಣ ಕೊಡಬಹುದು. ವೋಲ್ಟೇಜ್ ಅದೇ ಆಗಿದ್ದರೆ ಗಡಿಗೆರೆ ಉಳಿಯುವುದಿಲ್ಲ.

9 ವೋಲ್ಟ್ ಬ್ಯಾಟರಿಗಳು ಒಂದರ ತಲೆಗೆ ಇನ್ನೊಂದು ತಾವೇ ಕಚ್ಚಿಕೊಳ್ಳುತ್ತವೆ. ಎರಡು ಸೇರಿದರೆ ಕಂಚು ಬಣ್ಣ. ಮೂರಕ್ಕೆ ನೇರಳೆಯಿಂದ ಕಡುನೀಲಿ, ನಾಲ್ಕಕ್ಕೆ ನೀಲಿ, ಐದಕ್ಕೆ ತಿಳಿನೀಲಿ, ಆರಕ್ಕೆ ಹಳದಿಯ ಕಡೆಗೆ ವಾಲುವ ತಿಳಿ ಛಾಯೆ. ಬ್ಯಾಟರಿ ಎಷ್ಟು ಹೊಸದು, ಲೋಹದ ಮಿಶ್ರಣ ಯಾವುದು ಎಂಬುದರ ಮೇಲೆ ತುಸು ಆಚೀಚೆ ಆಗುತ್ತದೆ. ನೀರಿಗೆ ಇಳಿಸಿದ ಕೆಲವೇ ಸೆಕೆಂಡುಗಳಲ್ಲಿ ಚಮಚದ ಸುತ್ತ ಗುಳ್ಳೆಗಳೇಳುತ್ತವೆ, ಹಿಡಿ ಕಂಚಾಗಿ, ನೇರಳೆಯಾಗಿ, ನೀಲಿಗೆ ಬಂದು ನಿಲ್ಲುತ್ತದೆ. ಇದನ್ನು ಕಣ್ಣಾರೆ ನೋಡುವುದೇ ಒಂದು ಸುಖ. ಬಣ್ಣ ಸರಿಯಾಗಿದೆಯೇ ಎಂಬುದನ್ನು ತೊಳೆದು ಒಣಗಿಸಿದ ಮೇಲೆಯೇ ಹೇಳಿ, ಒದ್ದೆಯಲ್ಲಿ ಅದು ಮಂಕಾಗಿ ಕಾಣುತ್ತದೆ.

ಪದರ ದಪ್ಪವಾಗಬಲ್ಲದೇ ಹೊರತು ತೆಳುವಾಗದು. ಆದ್ದರಿಂದ ಕಡಿಮೆ ಬ್ಯಾಟರಿಯಿಂದ ಶುರುಮಾಡಿ ಒಂದೊಂದೇ ಸೇರಿಸುತ್ತ ಹೋಗಿ. ಬೇಕಾದ ಬಣ್ಣ ದಾಟಿಹೋದರೆ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಮಾಡಬೇಕು. ಜೇಬಿಗೆ ಸಿಕ್ಕಿಸುವ ಕ್ಲಿಪ್ ಟೈಟೇನಿಯಂನದ್ದಾಗಿದ್ದರೆ ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಆರು ಬ್ಯಾಟರಿಗೆ ನಿಲ್ಲಿಸಿ. 60 ವೋಲ್ಟ್ ದಾಟಿದ ಮೇಲೆ ಒದ್ದೆ ಕೈಗೆ ಅಪಾಯ ಹೆಚ್ಚು. ಗೋಡೆಯ ಪ್ಲಗ್ಗಿನಿಂದ ನೇರವಾಗಿ ಕರೆಂಟ್ ತೆಗೆಯುವ ಯೋಚನೆಯನ್ನಂತೂ ಮಾಡಲೇಬೇಡಿ. ಕರೆಂಟ್ ಹರಿಯುವಾಗ ರಬ್ಬರ್ ಕೈಗವಸು ಇದ್ದರೂ ನೀರಿಗೆ ಬೆರಳು ಅದ್ದಬೇಡಿ, ಕಿಟಕಿ ತೆರೆದಿಡಿ. ಕೆಲಸ ಮುಗಿದ ಕೂಡಲೇ ಬ್ಯಾಟರಿಗಳನ್ನು ಬಿಡಿಬಿಡಿಯಾಗಿಸಿ. ಸಾಲಾಗಿ ಬಿಟ್ಟರೆ ಯಾವುದೋ ತಂತಿ ತಾಗಿ ಬೆಂಕಿ ಹತ್ತಬಹುದು.

ಒಂದು ಬಣ್ಣ ಕೈಗೆ ಹತ್ತಿದ ಮೇಲೆ ಎರಡು ಬಣ್ಣ ಮಾಡಿನೋಡಿ. ನಾಲ್ಕು ಬ್ಯಾಟರಿಯಿಂದ ಇಡೀ ಹಿಡಿ ನೀಲಿ ಮಾಡಿ, ಅಂಚು ಮತ್ತು ಉಬ್ಬುಗಳ ಮೇಲಿನ ಬಣ್ಣವನ್ನಷ್ಟೇ ನುಣುಪು ಎಮರಿ ಕಾಗದದಿಂದ ತೆಗೆದು, ಮತ್ತೆ ತೊಳೆದು ಎರಡೇ ಬ್ಯಾಟರಿಯಲ್ಲಿ ಅದ್ದಿ. ಬರಿದಾದ ಜಾಗ ಮಾತ್ರ ಕಂಚಾಗುತ್ತದೆ. ದಪ್ಪ ಪದರದ ನೀಲಿಗೆ 18 ವೋಲ್ಟಿನಿಂದ ಏನೂ ಆಗುವುದಿಲ್ಲ, ಟೇಪು ಅಂಟಿಸುವ ಗೋಜೂ ಇಲ್ಲ.

ಎಲ್ಲ ಒಣಗಿದ ಮೇಲೆ ಫೋಟೊ ನೋಡಿಕೊಂಡು ಜೋಡಿಸಿ, ಅಲಗು ತಿರುಗುವ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಬಳಸುತ್ತ ಬಳಸುತ್ತ ಬಣ್ಣ ಮಸುಕಾದಂತೆ ಕಂಡರೆ ಹೆಚ್ಚಿನ ಸಲ ಅದು ಕೈಯ ಜಿಡ್ಡು. ಆಲ್ಕೊಹಾಲ್‌ನಲ್ಲಿ ಒರೆಸಿದರೆ ನೀಲಿ ಮರಳಿ ಬರುತ್ತದೆ.