ಬೆರಳೆತ್ತರದ ಬೊಂಬೆಗೆ ಬಣ್ಣ: ಮಲೆನಾಡಿನ ಮಳೆಯಲ್ಲಿ ಹಚ್ಚುವುದು ಹೇಗೆ?

ಆಷಾಢದ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಬಟ್ಟೆಯೇ ಒಣಗದ ಮನೆಯಲ್ಲಿ ಬಣ್ಣ ಒಣಗೀತೇ? ಮೇಜಿನ ಮೇಲೆ ಆಡುವ ಯುದ್ಧದ ಆಟಗಳ ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚುವುದನ್ನು ನಮ್ಮಲ್ಲಿ ಹೆಚ್ಚಿನವರು ಕಲಿಯುವುದು ಹೊರದೇಶದವರ ವಿಡಿಯೊಗಳನ್ನು ನೋಡಿ. ಅವರು ಹೇಳುವುದರಲ್ಲಿ ಮುಕ್ಕಾಲು ಪಾಲು ಇಲ್ಲಿಗೂ ಸಲ್ಲುತ್ತದೆ. ಉಳಿದ ಕಾಲು ಪಾಲನ್ನು ನಮ್ಮ ಮಳೆಗೆ, ಮಣ್ಣಿಗೆ, ಮೈಬಣ್ಣಕ್ಕೆ ಹೊಂದಿಸಿಕೊಳ್ಳಬೇಕು. ಆ ಕಾಲು ಪಾಲನ್ನು ಯಾರೂ ಹೇಳಿಕೊಡದೆ ನಾನು ಎರಡು ಮಳೆಗಾಲ ಕಳೆದುಕೊಂಡೆ.

ಇಂಥ ಬೊಂಬೆಗಳನ್ನು ಬಳಸುವ ಆಟಗಳಲ್ಲಿ ಹೆಸರಾದವು ಎರಡು. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮತ್ತು 1983ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ವಾರ್‌ಹ್ಯಾಮರ್’. ಬೊಂಬೆಗಳು ಬಹುಪಾಲು ಬಣ್ಣವಿಲ್ಲದೆಯೇ ಮಾರಾಟವಾಗುತ್ತವೆ. ಬಿಡಿಭಾಗಗಳನ್ನು ಅಂಟಿಸಿ ಬಣ್ಣ ಹಚ್ಚುವುದು ಕೊಂಡವರ ಕೆಲಸ. ಆಟ ಆಡದೆ ಬಣ್ಣದ ಆಸೆಗೇ ತರಿಸಿಕೊಳ್ಳುವವರೂ ಇದ್ದಾರೆ, ನಾನು ಆ ಪೈಕಿ. ಹೆಚ್ಚು ಬಳಕೆಯಲ್ಲಿರುವ ಅಳತೆ 28 ಮಿ.ಮೀ., ಅಂದರೆ ನಿಂತ ಮನುಷ್ಯನ ಸುಮಾರು 56ನೇ ಒಂದು ಪಾಲು.

ಮೊದಲ ಬೊಂಬೆ ದುಬಾರಿಯದಾಗಿರಬೇಕಿಲ್ಲ. ಆದರೆ ಜಾತ್ರೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಹಸಿರು ಸೈನಿಕರಿಂದ ಶುರು ಮಾಡಬೇಡಿ. ಬಾಗಿಸಿದರೆ ಬಾಗುವ ಆ ಮೆದು ಪ್ಲಾಸ್ಟಿಕ್ ಬಣ್ಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಚಕ್ಕೆಚಕ್ಕೆಯಾಗಿ ಏಳುತ್ತದೆ. ತಪ್ಪು ನಿಮ್ಮದಲ್ಲದಿದ್ದರೂ ಕೈ ಸರಿಯಿಲ್ಲವೆಂದು ಬೇಸರವಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದೋ ರಾಳದ್ದೋ (ರೆಸಿನ್) ಒಂದೇ ಒಂದು ಬೊಂಬೆ ತರಿಸಿಕೊಳ್ಳಿ, ಸಾಕು.

ತೊಳೆದು, ಹೆರೆದು

ಪಾತ್ರೆ ತೊಳೆಯುವ ಸೋಪು ಕಲಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬೊಂಬೆಯನ್ನು ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆಯಂಥ ಪದಾರ್ಥ ಮೈಮೇಲೆ ಉಳಿದಿದ್ದರೆ ಬಣ್ಣ ನಿಲ್ಲುವುದಿಲ್ಲ. ಅಚ್ಚಿನ ಎರಡು ಹೋಳು ಕೂಡಿದ ಕಡೆ ತೆಳ್ಳನೆಯ ಏಣು ಇರುತ್ತದೆ. ಅದನ್ನು ಬ್ಲೇಡಿನ ಬೆನ್ನಿನಿಂದ ಹೆರೆಯಿರಿ. ರಾಳದ ಬೊಂಬೆಯನ್ನು ಉಜ್ಜುವಾಗ ನೀರು ಮುಟ್ಟಿಸಿಕೊಂಡು ಉಜ್ಜಿ, ಮೂಗು ಬಾಯಿಗೆ ಮಾಸ್ಕ್ ಇರಲಿ. ಆ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ತೊಳೆದ ಬೊಂಬೆಯನ್ನು ಖಾಲಿ ಔಷಧಿ ಬಾಟಲಿಯ ಮುಚ್ಚಳಕ್ಕೆ ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿ. ಮುಂದೆ ಬೊಂಬೆಯನ್ನು ಮುಟ್ಟದೆ ಬಾಟಲಿಯನ್ನೇ ಹಿಡಿದು ತಿರುಗಿಸಬಹುದು.

ಪ್ರೈಮರ್: ಮಳೆ ಮೊದಲು ಕೈಕೊಡುವುದು ಇಲ್ಲಿ

ಬಣ್ಣ ಕಚ್ಚಿಕೊಳ್ಳಲು ಅದರ ಅಡಿಯಲ್ಲಿ ಪ್ರೈಮರ್ ಪದರ ಬೇಕು. ವಿಡಿಯೊಗಳಲ್ಲಿ ಎಲ್ಲರೂ ಸ್ಪ್ರೇ ಡಬ್ಬಿ ಕುಲುಕುತ್ತಾರೆ. ನಾನೂ ಒಂದು ಜುಲೈ ಮಧ್ಯಾಹ್ನ, ಮಳೆ ಹೊಳವಾಯಿತೆಂದು ಜಗಲಿಯ ತುದಿಯಲ್ಲಿ ಹಾಗೆಯೇ ಮಾಡಿದೆ. ಐದು ನಿಮಿಷದಲ್ಲಿ ಬೊಂಬೆಯ ಮೈಯೆಲ್ಲ ಚಿರೋಟಿ ರವೆ ಉದುರಿಸಿದ ಹಾಗೆ ಆಯಿತು, ಮುಖದ ಮೂಗು ತುಟಿ ಮುಚ್ಚಿಹೋದವು. ಸ್ಪ್ರೇಯ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಆ ತಂಪಿಗೆ ಬಂದು ಕೂರುತ್ತದೆ, ಪದರ ಬೆಳ್ಳಗಾಗಿ ಒರಟಾಗುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಬದಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿಯನ್ನು ಬೀರುವಿನಲ್ಲಿಡುವುದೇ ಸರಿ.

ಕುಂಚದಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ. ಅದನ್ನು ತೆಳುವಾಗಿ ಎರಡು ಸಲ ಹಚ್ಚಿ, ರಾತ್ರಿಯಿಡೀ ಬಿಡಿ. ಆಗಲೇ ರವೆಯಂತಾದ ಪ್ಲಾಸ್ಟಿಕ್ ಬೊಂಬೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಬಹುಪಾಲು ಬಿಡುತ್ತದೆ. ಪೇಂಟ್ ಅಂಗಡಿಯ ಥಿನ್ನರ್ ಮಾತ್ರ ಬೇಡ, ಬೊಂಬೆಯೇ ಕರಗುತ್ತದೆ.

ಒಣಗಿಸುವ ಅವಸರಕ್ಕೆ ಬಚ್ಚಲ ಒಲೆಯ ಬಳಿ ಇಡಬೇಡಿ. ಅಡಿಕೆಗೆ ಸಲ್ಲುವ ಶಾಖ ಪ್ಲಾಸ್ಟಿಕ್ಕಿಗೆ ಸಲ್ಲುವುದಿಲ್ಲ, ಕತ್ತಿ ಹಿಡಿದ ಕೈ ಬಾಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ ಬೊಂಬೆಯನ್ನು ಒಳಗಿಡಿ. ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಗೂ ಅದೇ ಬಣ್ಣವನ್ನು ಅದೇ ಹೊತ್ತಿಗೆ ಬಳಿದು ಜೊತೆಗಿಡಿ. ಒಣಗಿದೆಯೇ ಎಂದು ಕಡ್ಡಿಯನ್ನು ಮುಟ್ಟಿ ನೋಡಿ. ತಣ್ಣಗೆನಿಸಿದರೆ ಇನ್ನೂ ನೀರಿದೆ.

ಬಣ್ಣದ ಹದ

ಬಣ್ಣ ನೀರಿನಲ್ಲಿ ಕಲಸುವ ಅಕ್ರಿಲಿಕ್ ಆಗಿರಲಿ. ಬಾಟಲಿಯಿಂದ ನೇರ ಹಚ್ಚುವುದು ಹೊಸಬರೆಲ್ಲರೂ ಮಾಡುವ ತಪ್ಪು. ಬಿಳಿ ಟೈಲ್ಸ್ ತುಂಡಿನ ಮೇಲೆ ಹನಿ ಹನಿ ನೀರು ಸೇರಿಸಿ ಹಾಲಿನ ಹದಕ್ಕೆ ತನ್ನಿ. ಹೆಬ್ಬೆರಳ ಉಗುರಿನ ಮೇಲೆ ಎಳೆದಾಗ ಉಗುರು ಮಸುಕಾಗಿ ಕಾಣಬೇಕು. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲು. ಬಣ್ಣ ಕಲಸಲು ತೇವ ಹಿಡಿದಿಡುವ ಒದ್ದೆ ಪ್ಯಾಲೆಟ್ ಬೇಕೆಂದು ಎಲ್ಲರೂ ಹೇಳುತ್ತಾರೆ. ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು. ಮಳೆಗಾಲದಲ್ಲಿ ಅದರೊಳಗೆ ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ, ಟೈಲ್ಸೇ ಸಾಕು.

ಕುಂಚ 1ನೇ ನಂಬರಿನದು ಒಂದು, 0 ಒಂದು. ತೀರಾ ಸಣ್ಣ ಕುಂಚದಲ್ಲಿ ಬಣ್ಣ ನಿಲ್ಲುವುದಿಲ್ಲ, ತುದಿಯಲ್ಲೇ ಒಣಗುತ್ತದೆ. ಕೂದಲು ಸೇರುವ ಲೋಹದ ಕೊಳವೆಯವರೆಗೆ ಬಣ್ಣ ಏರಲು ಬಿಡಬೇಡಿ.

ನೆರಳನ್ನು ನಾವೇ ಬರೆಯಬೇಕು

ಅಂಗಿಗೆ ಕೆಂಪು, ಚರ್ಮಕ್ಕೆ ಕಂದು ತುಂಬಿದ ಮೇಲೆ ಬೊಂಬೆ ಸಪ್ಪೆಯಾಗಿ ಕಾಣುತ್ತದೆ. ಕಾರಣವಿದೆ. ನಮ್ಮ ಅಂಗಿಯ ಮಡಿಕೆಯಲ್ಲಿ ತಾನಾಗಿ ಬೀಳುವ ನೆರಳು ಬೆರಳೆತ್ತರದ ಬೊಂಬೆಯ ಮಡಿಕೆಯಲ್ಲಿ ಅಷ್ಟು ಗಾಢವಾಗಿ ಬೀಳುವುದಿಲ್ಲ. ಹಾಗಾಗಿ ಬೆಳಕನ್ನೂ ನೆರಳನ್ನೂ ಬಣ್ಣದಲ್ಲೇ ಬರೆಯಬೇಕು, ಅದೂ ಅತಿಯಾಗಿ. ಯಕ್ಷಗಾನದ ಚೌಕಿಯಲ್ಲಿ ಕುಳಿತು ವೇಷಧಾರಿಯ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಅಲ್ಲಿ ಒರಟಾಗಿ ಕಾಣುವ ಹುಬ್ಬಿನ ಗೆರೆ ಬಯಲಿನ ಕೊನೆಯ ಸಾಲಿನಲ್ಲಿ ಕುಳಿತವನಿಗೆ ರೌದ್ರವಾಗಿ ಕಾಣುತ್ತದೆ. ಬೊಂಬೆಯೂ ಹಾಗೆಯೇ. ಕಣ್ಣಿಗೆ ಒತ್ತಿ ಹಿಡಿದು ತೀರ್ಮಾನಿಸಬೇಡಿ, ಒಂದು ಮೊಳ ದೂರದಲ್ಲಿಟ್ಟು ನೋಡಿ.

ನೆರಳಿಗೆ ‘ವಾಶ್’ ಎಂಬ ನೀರುಬಣ್ಣ ಸಿಗುತ್ತದೆ. ಹಚ್ಚಿದರೆ ತಾನೇ ಹರಿದು ತಗ್ಗುಗಳಲ್ಲಿ ನಿಲ್ಲುತ್ತದೆ. ಒಂದು ಕಡೆ ಮಡುಗಟ್ಟಿದರೆ ಒಣ ಕುಂಚದಿಂದ ಹೀರಿಕೊಳ್ಳಿ. ನಮ್ಮ ಥಂಡಿಯಲ್ಲಿ ಇದು ಒಣಗಲು ಒಂದು ಗಂಟೆಗೂ ಹೆಚ್ಚು ಬೇಕು. ನಡುವೆ ಮುಟ್ಟಿದರೆ ಕಲೆ ಉಳಿಯುತ್ತದೆ. ಬೆಳಕಿಗೆ ಒಣ ಕುಂಚದ ಉಪಾಯವಿದೆ. ಕುಂಚಕ್ಕೆ ತಿಳಿ ಬಣ್ಣ ತೆಗೆದುಕೊಂಡು ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎನಿಸಿದಾಗ ಬೊಂಬೆಯ ಮೇಲೆ ಹಗುರಾಗಿ ಸವರಿ. ಉಬ್ಬಿದ ಅಂಚುಗಳು ಮಾತ್ರ ಬಣ್ಣ ಹಿಡಿಯುತ್ತವೆ. ಕೂದಲು, ತುಪ್ಪಳ, ಸರಪಳಿ ಅಂಗಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮುಖಕ್ಕೆ ಮಾತ್ರ ಅವಸರ ಬೇಡ. ಚರ್ಮದ ಬಣ್ಣವೆಂದು ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಬಿಳಿಯರ ಮೈಬಣ್ಣ. ಗದ್ದೆಯಲ್ಲಿ ನಾಟಿ ಮಾಡುವವರ ಮುಖವನ್ನು ಒಮ್ಮೆ ಗಮನಿಸಿ: ನೆರಳಿನ ಭಾಗ ಕಪ್ಪಲ್ಲ, ಕೆಂಪು ಬೆರೆತ ನೇರಳೆ. ಬೆಳಕು ಬಿದ್ದ ಕೆನ್ನೆಮೂಳೆ ಬಿಳಿಯಲ್ಲ, ಬೆಲ್ಲದ ಹಳದಿ. ನಾನು ಗಾಢ ಕಂದಿಗೆ ಚೂರು ಕೆಂಪು ಬೆರೆಸಿ ಮೊದಲ ಪದರ ಹಚ್ಚುತ್ತೇನೆ. ಕಣ್ಣಿನ ಕುಳಿ, ಗಲ್ಲದ ಕೆಳಗೆ ಅದಕ್ಕೇ ಒಂದು ಹನಿ ನೇರಳೆ. ಮೂಗಿನ ತುದಿ, ಕೆನ್ನೆ, ಹಣೆಗೆ ಓಕರ್ ಹಳದಿ ಬೆರೆಸಿದ ಕಂದು. ಕಣ್ಣಿಗೆ ಮೊದಲು ಗಾಢ ಕಂದಿನ ಗೆರೆ, ಅದರೊಳಗೆ ಮಾಸಲು ಬಿಳಿ, ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ಗೀಟು. ಚುಕ್ಕಿ ಇಟ್ಟರೆ ಬೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ. ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ.

ಗುರಾಣಿಗೆ ಏನು ಬರೆಯುವುದೆಂದು ತೋಚದಿದ್ದರೆ ಸಾಗರ ಸೀಮೆಯ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ ಗೆರೆ, ಗೆರೆಗೆ ಗೆರೆ ಕೂಡಿ ಮೂಡುವ ವಿನ್ಯಾಸ. ಪುಟ್ಟ ಜಾಗದಲ್ಲಿ ಅದು ಎದ್ದು ಕಾಣುತ್ತದೆ.

ಪೀಠ, ವಾರ್ನಿಷ್

ಬೊಂಬೆ ನಿಲ್ಲುವ ಪೀಠಕ್ಕೆ ಹಾಕುವ ಹುಲ್ಲು ಮಣ್ಣನ್ನು ಹೊರದೇಶದಿಂದ ತರಿಸುವವರಿದ್ದಾರೆ. ಮಲೆನಾಡಿನಲ್ಲಿ ಅದರ ಅಗತ್ಯವೇ ಇಲ್ಲ. ಅಂಗಳದ ಕೆಂಪು ಮಣ್ಣನ್ನು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಹುರಿದಿಡಿ. ಅಡಿಕೆ ಸಿಪ್ಪೆಯ ನಾರು ಕತ್ತರಿಸಿದರೆ ಒಣಹುಲ್ಲು, ಕಾಂಪೌಂಡಿನ ಪಾಚಿ ಪೂರ್ತಿ ಒಣಗಿಸಿದರೆ ಪೊದೆ. ಹಸಿ ಪಾಚಿ ಅಂಟಿಸಿದರೆ ಬೂಷ್ಟು ಗ್ಯಾರಂಟಿ. ನೀರು ಬೆರೆಸಿದ ಫೆವಿಕಾಲ್ ಬಳಿದು ಮಣ್ಣು ಉದುರಿಸಿ. ಅಳತೆ ಮರೆಯಬೇಡಿ: 3 ಮಿ.ಮೀ. ಕಲ್ಲು ಬೊಂಬೆಯ ಲೋಕದಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ.

ಕೊನೆಗೆ ಹೊಳಪಿಲ್ಲದ ವಾರ್ನಿಷ್, ಅದೂ ಕುಂಚದಲ್ಲೇ. ತೇವಕ್ಕೆ ಅದು ಮಂಜು ಕವಿದಂತೆ ಬೆಳ್ಳಗಾದರೆ ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ ಹಚ್ಚಿ, ಸಾಮಾನ್ಯವಾಗಿ ಮಂಜು ಬಿಡುತ್ತದೆ. ಅದರ ಮೇಲೆ ಹೊಳಪಿಲ್ಲದ್ದನ್ನು ಮತ್ತೆ ಹಚ್ಚುವುದನ್ನು ಮಾತ್ರ ಬಿಸಿಲು ಬಿದ್ದ ದಿನಕ್ಕೆ ಉಳಿಸಿಕೊಳ್ಳಿ.